ಲಕೋಟೆ ಕೊಡುವವರ ಮನೆಗೆ ಮೊದಲು

ಸಭಾಪಾಲಕರ, ಅಂದರೆ ಪಾಸ್ಟರುಗಳ, ಕುಟುಂಬದವರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದಾಗ ಹಣದ ಮಾತನ್ನು ಮೊದಲು ಎತ್ತುವುದಿಲ್ಲ. ನಿದ್ರೆ ಬರುತ್ತಿಲ್ಲ, ಮಕ್ಕಳು ಚರ್ಚಿಗೆ ಬರಲು ಒಪ್ಪುತ್ತಿಲ್ಲ, ಗಂಡಹೆಂಡಿರ ನಡುವೆ ಮಾತು ನಿಂತಿದೆ ಎಂದು ಆರಂಭಿಸುತ್ತಾರೆ. ಸ್ವಲ್ಪ ಕೆದಕಿದರೆ ಅಡಿಯಲ್ಲಿ ಕಾಣಿಕೆಯ ಲೆಕ್ಕ ಸಿಗುತ್ತದೆ. ಇದನ್ನು ಪದೇ ಪದೇ ನೋಡುತ್ತಿರುವುದರಿಂದ ಒಂದು ಪ್ರಕರಣವನ್ನು, ಆ ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಗಂಡ ಯಾವ ಧರ್ಮಪ್ರಾಂತ್ಯಕ್ಕೂ (ಬಿಷಪರ ಆಡಳಿತ ಪ್ರದೇಶಕ್ಕೂ) ಸೇರದ ಸ್ವತಂತ್ರ ಸಭೆಯೊಂದರ ಪಾಸ್ಟರ್. ನಿಗದಿತ ಸಂಬಳವಿಲ್ಲ. ಸದಸ್ಯರು ಆದಾಯದ ಹತ್ತನೇ ಒಂದು ಪಾಲೆಂದು ಕೊಡುವ ದಶಾಂಶ ಮತ್ತು ಕಾಣಿಕೆಯಲ್ಲಿ ಕಟ್ಟಡದ ಬಾಡಿಗೆ, ವಿದ್ಯುತ್ ಬಿಲ್ಲು ಕಳೆದು ಉಳಿದದ್ದು ಅವರ ಮನೆಗೆ. ಎಷ್ಟು ಉಳಿಯಿತೆಂಬುದು ಅವರಿಗೂ ಸಭೆಯ ಒಬ್ಬ ಹಿರಿಯರಿಗೂ ಬಿಟ್ಟರೆ ಯಾರಿಗೂ ತಿಳಿಯದು. ಹೆಂಡತಿಯ ಅಣ್ಣ ಒಂದು ಕಾರು ಕೊಟ್ಟಾಗ, ಅದನ್ನು ದಶಾಂಶದ ಹಣದಲ್ಲಿ ಕೊಂಡರೆಂಬ ಮಾತು ಹರಡಿತು. ಅಂದಿನಿಂದ ಅವರು ಕಾರನ್ನು ಬೇರೆ ಬೀದಿಯಲ್ಲಿ ನಿಲ್ಲಿಸಿ ಆರಾಧನೆಗೆ ನಡೆದು ಬರತೊಡಗಿದರು. ಜನರ ಸಂಶಯವನ್ನು ಸಹಿಸುವ ದಾರಿ ಹೇಳಿಕೊಡಿ ಎಂಬುದು ಅವರ ಕೋರಿಕೆಯಾಗಿತ್ತು.

ಆ ಸಂಶಯ ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕದ ಸೆನೆಟ್ ಸದಸ್ಯ ಚಾರ್ಲ್ಸ್ ಗ್ರಾಸ್ಲಿ 2007ರಲ್ಲಿ ಟಿವಿಯಲ್ಲಿ ಕ್ರೈಸ್ತ ಬೋಧನೆ ಮಾಡುವ ಆರು ಸುವಾರ್ತಾ ಸಂಸ್ಥೆಗಳಿಂದ ವಿಮಾನ, ಬಂಗಲೆ, ಸಂಬಳಗಳ ಲೆಕ್ಕ ಕೇಳಿದರು. 2011ರಲ್ಲಿ ವಿಚಾರಣೆ ಮುಗಿಯುವ ಹೊತ್ತಿಗೆ ಪೂರ್ತಿ ಸಹಕರಿಸಿದ್ದವು ಎರಡೇ. ಯಾರಿಗೂ ದಂಡ ಬೀಳಲಿಲ್ಲ. ಇಂಥ ಸುದ್ದಿ ಓದಿದವರು ತಮ್ಮ ಸಭೆಯ ಪಾಸ್ಟರನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಪಾದ್ರಿಗಳೆಲ್ಲರ ಜೀವನೋಪಾಯ ಒಂದೇ ಬಗೆಯದೆಂಬ ತಪ್ಪು ಕಲ್ಪನೆಯೂ ಇದೆ. ಕ್ಯಾಥೊಲಿಕ್ ಧಾರ್ಮಿಕ ಸಭೆಗಳ (ಸನ್ಯಾಸಿ ಸಂಘಗಳ) ಗುರುಗಳು ಬಡತನದ ವ್ರತ ತೊಡುತ್ತಾರೆ, ಅವರ ಗಳಿಕೆ ಸಂಸ್ಥೆಗೆ ಸೇರುತ್ತದೆ. ಧರ್ಮಪ್ರಾಂತ್ಯದ ಗುರುಗಳಿಗೆ ಆ ವ್ರತವಿಲ್ಲ, ಸ್ವಂತ ಆಸ್ತಿ ಇರಬಹುದು. ಜರ್ಮನಿಯಲ್ಲಿ ಸದಸ್ಯರ ಆದಾಯ ತೆರಿಗೆಯ ಮೇಲೆ ಶೇ 8 ಅಥವಾ 9ರಷ್ಟು ಚರ್ಚ್ ತೆರಿಗೆ ಸಂಗ್ರಹವಾಗುತ್ತದೆ. ಅಲ್ಲಿನ ಪಾದ್ರಿಯ ಊಟ ಯಾವ ಒಬ್ಬ ಸದಸ್ಯನ ಕೈಯನ್ನೂ ಕಾಯುವುದಿಲ್ಲ. ನನ್ನೆದುರು ಕುಳಿತಿದ್ದವರ ಊಟ ಕಾಯುತ್ತಿತ್ತು.

ಅದು ಹೊರಬಿದ್ದದ್ದು ಹೆಂಡತಿಯ ಬಾಯಿಂದ. ಅಲ್ಲಿಯವರೆಗೂ ಆಕೆ ಹೆಚ್ಚು ಮಾತನಾಡಿರಲಿಲ್ಲ. ವಾರದಲ್ಲಿ ಯಾವ ದಿನ ಮನಸ್ಸು ಅತಿ ಭಾರವಾಗಿರುತ್ತದೆ ಎಂದು ಕೇಳಿದೆ. ಕಾಣಿಕೆ ಎಣಿಸುವ ಭಾನುವಾರ ಸಂಜೆ ಎಂದು ಪಾಸ್ಟರ್ ಹೇಳಿದರು. ಆಕೆ ಅಲ್ಲವೆಂದು ತಲೆಯಾಡಿಸಿದರು.

“ಇಲ್ಲ ಮೇಡಂ, ಮಂಗಳವಾರ. ಅಂದು ಇವರು ಮನೆಭೇಟಿಗೆ ಹೊರಡುತ್ತಾರೆ. ಯಾರ ಮನೆಗೆ ಮೊದಲು ಹೋಗಬೇಕೆಂಬುದನ್ನು ಕಾಯಿಲೆ ತೀರ್ಮಾನಿಸುವುದಿಲ್ಲ, ಹೋದಾಗ ಅವರು ಕೊಡುವ ಹಣದ ಲಕೋಟೆ ತೀರ್ಮಾನಿಸುತ್ತದೆ. ಹಾಸಿಗೆ ಹಿಡಿದಿರುವ ಆ ವಿಧವೆ ಅಮ್ಮನ ಮನೆಗೆ ಕಳೆದ ತಿಂಗಳು ಇವರು ಹೋಗಲೇ ಇಲ್ಲ.”

ಪಾಸ್ಟರ್ ಸಿಟ್ಟಿನಿಂದ ಸುಳ್ಳು ಎಂದರು. ನಾನು ಏನೂ ಹೇಳಲಿಲ್ಲ. ಆ ತಿಂಗಳು ಹೋದ ಮನೆಗಳನ್ನು ತಾವೇ ಒಂದೊಂದಾಗಿ ನೆನಪಿಸಿಕೊಳ್ಳುತ್ತಾ ಹೋದರು, ನಡುವೆ ನಿಲ್ಲಿಸಿದರು. “ಆಕೆ ಹೇಳಿದ್ದು ನಿಜ. ನಾನು ಕಳ್ಳನಲ್ಲ ಎಂದು ತೋರಿಸಿಕೊಳ್ಳುವುದರಲ್ಲೇ ಮುಳುಗಿದ್ದೆ. ಇದು ನನಗೆ ಕಾಣಲೇ ಇಲ್ಲ.”

ನನ್ನ ಸಲಹೆ ನೇರವಾಗಿತ್ತು. ತಿಂಗಳ ಸಂಬಳವನ್ನು ಸಭೆ ಲಿಖಿತವಾಗಿ ನಿಗದಿ ಮಾಡಲಿ. ಆ ಚರ್ಚೆಯ ಹೊತ್ತಿಗೆ ನೀವು, ನಿಮ್ಮ ಬಂಧುಗಳು ಹೊರಗಿರಿ. ಕಾಣಿಕೆಯನ್ನು ಇಬ್ಬರು ಎಣಿಸಲಿ, ಲೆಕ್ಕವನ್ನು ಸಭೆಯ ಮುಂದೆ ಓದಲಿ. ಮನೆಭೇಟಿಯಲ್ಲಿ ಸಿಕ್ಕ ಲಕೋಟೆಯನ್ನು ತೆರೆಯದೆ ಖಜಾಂಚಿಗೆ ಕೊಟ್ಟು, ಕೊಟ್ಟವರಿಗೆ ರಸೀದಿ ಹೋಗುವಂತೆ ನೋಡಿಕೊಳ್ಳಿ. ಕಾರಿನ ಕಾಗದಗಳನ್ನು ಸಮಿತಿಗೆ ಒಮ್ಮೆ ತೋರಿಸಿ, ಪ್ರಸಂಗಪೀಠದಿಂದ ಮಾತ್ರ ಅದರ ಸಮರ್ಥನೆ ಬೇಡ.

ಅವರು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಸಂಬಳ ಕೇಳುವುದು ಅವಿಶ್ವಾಸ, ನಾನು ಕುರುಬನಾಗಿರಬೇಕು, ಕೂಲಿಯಾಳಲ್ಲ ಎಂದರು. ಬೈಬಲಿನ ಯೋಹಾನನ ಸುವಾರ್ತೆಯ 10ನೇ ಅಧ್ಯಾಯದ ಮಾತು ಅದು. ಅಲ್ಲಿ ಕೂಲಿಯಾಳನ್ನು ಗುರುತಿಸುವುದು ಅವನ ಸಂಬಳದಿಂದಲ್ಲ, ತೋಳ ಬಂದಾಗ ಕುರಿಗಳನ್ನು ಬಿಟ್ಟು ಓಡುವುದರಿಂದ ಎಂದು ನೆನಪಿಸಿದೆ. ಗ್ರೀಸಿನ ಕೊರಿಂಥ ಪಟ್ಟಣದಲ್ಲಿ ಆದಿ ಕ್ರೈಸ್ತ ಸಭೆಯ ಅಪೊಸ್ತಲ ಪೌಲ ಗುಡಾರ ಹೊಲಿದು ಬದುಕಿದ್ದು ನಿಜ. ಆದರೆ ಸುವಾರ್ತೆ ಸಾರುವವರು ಅದರಿಂದಲೇ ಜೀವನ ಮಾಡಬೇಕೆಂದು ಅದೇ ಕೊರಿಂಥದವರಿಗೆ ಬರೆದವನೂ ಅವನೇ. ಅವರ ಮನಸ್ಸು ತಿರುಗಿದ್ದು ಕೊರಿಂಥದವರಿಗೆ ಅವನು ಬರೆದ ಎರಡನೇ ಪತ್ರದ 8ನೇ ಅಧ್ಯಾಯವನ್ನು ಓದಿದಾಗ. ಜೆರುಸಲೇಮಿನ ಬಡವರಿಗಾಗಿ ಕೂಡಿದ ಹಣವನ್ನು ಪೌಲ ಒಬ್ಬನೇ ಒಯ್ಯುವುದಿಲ್ಲ. ಯಾರೂ ದೂರಬಾರದೆಂದು ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಳ್ಳುತ್ತಾನೆ, ಕರ್ತನ ಮುಂದಷ್ಟೇ ಅಲ್ಲದೆ ಜನರ ಮುಂದೆಯೂ ಸರಿಯಾಗಿರಬೇಕು ಎನ್ನುತ್ತಾನೆ.

ಆಪ್ತಸಲಹೆಗಾರರು ಭಾವನೆಗಳಿಗೆ ಕಿವಿಗೊಡಬೇಕು, ಸಭೆಯ ಖಾತೆಗೂ ಬೈಬಲ್ ವಾಕ್ಯಗಳ ಅರ್ಥಕ್ಕೂ ಕೈಹಾಕಬಾರದು ಎಂದು ನನ್ನ ಕೆಲವು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ನಾನು ಒಪ್ಪುವುದಿಲ್ಲ. ಈ ವ್ಯಕ್ತಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳುಹಿಸುವುದು ಸೋರುವ ಸೂರಿನಡಿ ಹಾಸಿಗೆ ಬದಲಿಸಿದ ಹಾಗೆ. ಆತಂಕಕ್ಕೆ ಕಾರಣ ಸಂಬಳದ ವ್ಯವಸ್ಥೆಯಲ್ಲಿತ್ತು. ಅದೇ ವ್ಯವಸ್ಥೆ ಕಾಯಿಲೆಯ ವಿಧವೆಯನ್ನು ಪಟ್ಟಿಯ ಕೊನೆಗೆ ತಳ್ಳಿತ್ತು.

ಇದನ್ನು ಓದುತ್ತಿರುವ ಸಭೆಯ ಸದಸ್ಯರಿಗೂ ಒಂದು ಮಾತು. ಸಂಶಯವಿದ್ದರೆ ಬಾಗಿಲ ಬಳಿ ಪಿಸುಗುಟ್ಟಬೇಡಿ, ಸಮಿತಿಯಲ್ಲಿ ಲೆಕ್ಕ ಕೇಳಿ. ಕೇಳುವುದು ನಿಮ್ಮ ಹಕ್ಕು. ಹಾಗೆಯೇ, ಕೊಡುತ್ತಿರುವುದು ಒಂದು ಕುಟುಂಬಕ್ಕೆ ಸಾಲುತ್ತದೆಯೇ ಎಂದೂ ಕೇಳಿ. ಸಭಾಪಾಲಕರ ವಾಸಕ್ಕೆ ಕೊಟ್ಟ ಮನೆಯನ್ನು ನೋಡಿ ಅವರನ್ನು ಸ್ಥಿತಿವಂತರೆಂದು ಎಣಿಸುವವರಿದ್ದಾರೆ. ಆ ಮನೆ ಸಭೆಯದು. ನಿವೃತ್ತಿಯಾದ ದಿನ ಕೀಲಿ ಒಪ್ಪಿಸಬೇಕು, ಆಮೇಲೆ ಹಲವರಿಗೆ ಸ್ವಂತ ಸೂರಿರುವುದಿಲ್ಲ.

ಈ ಪಾಸ್ಟರಿಗೆ ಬಹಳ ಎಳೆದಾಟದ ನಂತರ ಸಂಬಳ ನಿಗದಿಯಾಯಿತು. ಒಳ್ಳೆಯ ತಿಂಗಳುಗಳಲ್ಲಿ ಸಿಗುತ್ತಿದ್ದುದಕ್ಕಿಂತ ಅದು ಕಡಿಮೆ, ಆದರೆ ತಪ್ಪುವುದಿಲ್ಲ. ಲಕೋಟೆಗೆ ರಸೀದಿ ಬರತೊಡಗಿದಾಗ ಒಂದು ಅನುಕೂಲಸ್ಥ ಕುಟುಂಬ ಸಭೆ ಬಿಟ್ಟಿತು. ಅದರ ನೋವು ಅವರಿಗೆ ಇನ್ನೂ ಇದೆ. ಮನೆಭೇಟಿಯ ಪಟ್ಟಿಯನ್ನು ಈಗ ಗಂಡಹೆಂಡತಿ ಕೂಡಿ ಬರೆಯುತ್ತಾರೆ. ನಮ್ಮ ಮುಂದಿರುವ ಪ್ರಶ್ನೆ ಆಕೆಯದು. ಭಾನುವಾರದ ಶಾಲೆ, ಸ್ತ್ರೀಯರ ಕೂಟ, ಬಂದವರ ಉಪಚಾರ ಎಲ್ಲವನ್ನೂ ಇಷ್ಟು ವರ್ಷ ಆಕೆ ಸಂಬಳವಿಲ್ಲದೆ ಮಾಡಿದ್ದಾರೆ. ಈಗ ಹೊರಗೆ ಕೆಲಸಕ್ಕೆ ಹೋಗಬೇಕೆಂದಿದ್ದಾರೆ, ಸಮಿತಿಯ ಹಿರಿಯರಿಗೆ ಅದು ಹಿಡಿಸುತ್ತಿಲ್ಲ. ಹೋಗಿ ಎಂದೇ ಆಕೆಗೆ ಹೇಳಿದ್ದೇನೆ. ಸಮಿತಿಯಲ್ಲಿ ಆ ಮಾತನ್ನು ನೀವೇ ಎತ್ತಬೇಕು ಎಂದು ಪಾಸ್ಟರಿಗೂ ಹೇಳಿದ್ದೇನೆ.