ಚಿಪ್ ಹಾಕಿಸಿ, ಆದರೆ ಅಲ್ಲಿಗೇ ಬಿಡಬೇಡಿ

ಗಿರಿನಗರದ ಮೇಡಂಗೆ,

ದೀಪಾವಳಿ ಪಟಾಕಿಗೆ ಹೆದರಿ ನಿಮ್ಮ ನಾಯಿ ಚಿನ್ನಿ ಗೇಟು ಹಾರಿ ಓಡಿದ್ದು, ಬೆಲ್ಟ್ ಎಲ್ಲೋ ಕಳಚಿ ಬಿದ್ದದ್ದು, ಕೊನೆಗೆ ಕತ್ರಿಗುಪ್ಪೆ ಕಡೆ ಸಿಕ್ಕಿದ್ದು ನಮ್ಮ ಗುಂಪಿನಲ್ಲಿ ಓದಿದೆ. ಸದ್ಯ ಸಿಕ್ಕಳಲ್ಲ! ಮೈಕ್ರೋಚಿಪ್ ಹಾಕಿಸಿದರೆ ಅವಳು ಎಲ್ಲಿದ್ದಾಳೆ ಅಂತ ಫೋನಿನಲ್ಲಿ ಕಾಣುತ್ತದಾ, ನೋವಾಗುತ್ತದಾ, ಬೀದಿಯಿಂದ ತಂದು ಸಾಕಿದ ನಾಯಿಗೂ ಇದೆಲ್ಲ ಬೇಕಾ ಅಂತ ಕೇಳಿದ್ದೀರಿ. ಕಳೆದುಹೋದ ನಾಯಿಗಳನ್ನು ಹುಡುಕುವವರ ಜೊತೆ ನಾನೂ ಓಡಾಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಫೋನಿನಲ್ಲಿ ಕಾಣುವುದಿಲ್ಲ. ಚಿಪ್‌ನಲ್ಲಿ ಜಿಪಿಎಸ್ ಇಲ್ಲ, ಬ್ಯಾಟರಿಯೂ ಇಲ್ಲ. ಅಕ್ಕಿ ಕಾಳಿನಷ್ಟು ದೊಡ್ಡದು, ಸುಮಾರು 12 ಮಿಲಿಮೀಟರ್ ಉದ್ದ. ಹೊರಗೆ ಗಾಜಿನ ಕವಚ, ಒಳಗೆ 15 ಅಂಕಿಯ ಒಂದು ನಂಬರ್. ಸ್ಕ್ಯಾನರ್ ಹತ್ತಿರ ಹಿಡಿದಾಗ ಅದರ ರೇಡಿಯೋ ತರಂಗದಿಂದಲೇ ಚಿಪ್‌ಗೆ ಶಕ್ತಿ ಸಿಕ್ಕಿ ಆ ನಂಬರ್ ಬರುತ್ತದೆ. ಸ್ಕ್ಯಾನರ್ ಕೆಲವು ಇಂಚು ದೂರ ಹೋದರೂ ಓದುವುದಿಲ್ಲ. ಬ್ಯಾಟರಿ ಇಲ್ಲವಾದ್ದರಿಂದ ಖಾಲಿಯಾಗುವ ಚಿಂತೆ ಇಲ್ಲ, ಒಮ್ಮೆ ಹಾಕಿಸಿದರೆ ಸಾಮಾನ್ಯವಾಗಿ ನಾಯಿ ಇರುವವರೆಗೂ ಇರುತ್ತದೆ. ಜಿಪಿಎಸ್ ಬೆಲ್ಟ್ ಬೇರೆಯೇ ಸಾಮಾನು. ಅದನ್ನು ಚಾರ್ಜ್ ಮಾಡುತ್ತಿರಬೇಕು, ಓಡುವಾಗ ಕಳಚಿಕೊಂಡರೆ ಅದೂ ಹೋಯಿತು.

ನೋವಿನ ವಿಷಯ. ಎರಡು ಭುಜಗಳ ನಡುವೆ, ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ಲಸಿಕೆಯ ಸೂಜಿಗಿಂತ ದಪ್ಪ ಸೂಜಿ, ಒಂದು ಕ್ಷಣ ಕುಯ್ಯೋ ಅನ್ನಬಹುದು. ಅರಿವಳಿಕೆ ಬೇಕಾಗಿಲ್ಲ. ಚಿನ್ನಿಗೆ ಇನ್ನೂ ಮರಿ ಆಗದಿರುವ ಆಪರೇಶನ್ ಮಾಡಿಸಿಲ್ಲ ಅಂದರೆ ಅದೇ ಹೊತ್ತಿಗೆ ಇದನ್ನೂ ಹಾಕಿಸಿ, ಅವಳಿಗೆ ಗೊತ್ತೂ ಆಗುವುದಿಲ್ಲ.

ಬೀದಿಯಿಂದ ತಂದವಳಿಗೆ ಬೇಕಾ ಅಂದಿರಿ. ಅವಳಿಗೇ ಜಾಸ್ತಿ ಬೇಕು ಅನ್ನುತ್ತೇನೆ ನಾನು. ಒಂದು ಲ್ಯಾಬ್ರಡಾರ್ ರಸ್ತೆಯಲ್ಲಿ ಒಂಟಿಯಾಗಿ ನಿಂತಿದ್ದರೆ ನೋಡಿದವರೆಲ್ಲ ಯಾರ ಮನೆಯದೋ ಅಂತ ವಿಚಾರಿಸುತ್ತಾರೆ. ಚಿನ್ನಿಯಂಥ ಕಂದು ಬಣ್ಣದ ನಾಡ ನಾಯಿ ಬೆಲ್ಟ್ ಇಲ್ಲದೆ ನಿಂತಿದ್ದರೆ ಯಾರೂ ಕೇಳುವುದಿಲ್ಲ. ಒಳ್ಳೆಯವರೇ ಬಿಸ್ಕೆಟ್ ಹಾಕಿ ಮುಂದೆ ಹೋಗುತ್ತಾರೆ, ಏರಿಯಾಗೆ ಹೊಸ ನಾಯಿ ಬಂದಿದೆ ಅಂದುಕೊಳ್ಳುತ್ತಾರೆ. ಸಂತಾನಹರಣಕ್ಕೆ ನಾಯಿ ಹಿಡಿಯುವ ಗಾಡಿಯವರಿಗೂ ಅವಳು ಮನೆಯವಳು ಅಂತ ಗೊತ್ತಾಗುವುದು ಹೇಗೆ? ಬೆಲ್ಟ್ ಬಿದ್ದ ಮೇಲೆ ನಿಮ್ಮ ಗುರುತು ಅವಳ ಮೈಮೇಲೆ ಉಳಿಯುವುದು ಚಿಪ್ ಒಂದರಲ್ಲೇ.

ಆದರೆ ನಂಬರ್ ಸಿಕ್ಕ ಮಾತ್ರಕ್ಕೆ ನಾಯಿ ಮನೆಗೆ ಬರುವುದಿಲ್ಲ. ಆ ನಂಬರಿನ ಹಿಂದೆ, ಅಂದರೆ ಚಿಪ್ ನೋಂದಣಿಯ ಪಟ್ಟಿಯಲ್ಲಿ, ನಿಮ್ಮ ಫೋನ್ ನಂಬರ್ ಇರಬೇಕು, ಆ ಫೋನು ರಿಂಗ್ ಆಗಬೇಕು. ಅಮೆರಿಕದ 53 ಪ್ರಾಣಿ ಆಶ್ರಯಗಳಲ್ಲಿ ಮಾಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅಲ್ಲಿಗೆ ಬಂದ ದಿಕ್ಕಿಲ್ಲದ ನಾಯಿಗಳಲ್ಲಿ ಒಟ್ಟಾರೆ ಶೇ 21.9 ಮಾತ್ರ ಮನೆ ಸೇರಿದ್ದವು, ಚಿಪ್ ಇದ್ದವುಗಳಲ್ಲಿ ಶೇ 52.2. ಬೆಕ್ಕುಗಳಲ್ಲಂತೂ ಶೇ 1.8 ಇದ್ದದ್ದು ಚಿಪ್ ಇದ್ದಾಗ ಶೇ 38.5. ಚಿಪ್ ಇದ್ದೂ ಮನೆಯವರು ಸಿಗದೇ ಹೋದ ಕಡೆ ಎಲ್ಲಕ್ಕಿಂತ ದೊಡ್ಡ ಕಾರಣ ಏನು ಗೊತ್ತಾ? ತಪ್ಪಾದ ಅಥವಾ ಬಂದ್ ಆದ ಫೋನ್ ನಂಬರ್. ಬೆಂಗಳೂರಲ್ಲಿ ನಾವು ಎಷ್ಟು ಸಲ ಬಾಡಿಗೆ ಮನೆ ಬದಲಿಸುತ್ತೇವೆ, ಎಷ್ಟು ಜನ ಸಿಮ್ ಬದಲಿಸುತ್ತಾರೆ, ಯೋಚನೆ ಮಾಡಿ.

ಹಾಗಾಗಿ ಚಿಪ್ ಹಾಕಿಸಿದ ದಿನವೇ ಅದರ ನಂಬರ್ ಇರುವ ಸ್ಟಿಕ್ಕರ್ ಕೇಳಿ ಪಡೆಯಿರಿ, ಲಸಿಕೆ ಪುಸ್ತಕಕ್ಕೆ ಅಂಟಿಸಿ, ಒಂದು ಫೋಟೋ ಫೋನಿನಲ್ಲಿಡಿ. ಯಾವ ಕಂಪನಿಯ ಚಿಪ್, ಎಲ್ಲಿ ನೋಂದಣಿ ಮಾಡುತ್ತೀರಿ, ಯಾರು ಮಾಡುತ್ತಾರೆ ಅಂತ ಡಾಕ್ಟರನ್ನು ಬಾಯಿ ಬಿಟ್ಟು ಕೇಳಿ. "ಅವರೇ ಮಾಡಿರುತ್ತಾರೆ ಬಿಡು" ಅಂತ ಎದ್ದು ಬರಬೇಡಿ. ನಿಮ್ಮ ನಂಬರ್ ಜೊತೆಗೆ ಊರಲ್ಲೇ ಇರುವ ಅಣ್ಣನದೋ ತಂಗಿಯದೋ ಇನ್ನೊಂದು ನಂಬರ್ ಕೊಡಿ. ಮನೆ ಬದಲಿಸಿದರೆ ಗ್ಯಾಸ್ ವಿಳಾಸ ಬದಲಿಸುವಾಗಲೇ ಇದನ್ನೂ ಬದಲಿಸಿಬಿಡಿ.

ಚಿಪ್ 134.2 ಕಿಲೋಹರ್ಟ್ಸ್ ತರಂಗದ, ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಮಾದರಿಯದೇ ಆಗಿರಲಿ. ಬೇರೆ ತರಂಗದ ಚಿಪ್ಪನ್ನು ಕೆಲವು ಸ್ಕ್ಯಾನರ್‌ಗಳು ಓದುವುದೇ ಇಲ್ಲ. ಹಾಕುವ ಮೊದಲು ಚಿಪ್ಪನ್ನು ಒಮ್ಮೆ ಸ್ಕ್ಯಾನ್ ಮಾಡಿಸಿ, ಹಾಕಿದ ಮೇಲೆ ಇನ್ನೊಮ್ಮೆ. ಆಮೇಲೆ ವರ್ಷಕ್ಕೊಂದು ಸಲ ರೇಬಿಸ್ ಇಂಜೆಕ್ಷನ್‌ಗೆ ಹೋದಾಗಲೂ ನೋಡಿಸಿ. ಮುಂದೆ ಅವಳನ್ನು ಯುರೋಪಿಗೆ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಮೊದಲು ಚಿಪ್, ಆಮೇಲೆ ರೇಬಿಸ್ ಲಸಿಕೆ. ಈ ಕ್ರಮ ತಪ್ಪಿದರೆ ಆ ಲಸಿಕೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಬೆಲ್ಟ್ ಮಾತ್ರ ಬಿಡಬೇಡಿ. ದಾರಿಯಲ್ಲಿ ಸಿಕ್ಕವರ ಹತ್ತಿರ ಸ್ಕ್ಯಾನರ್ ಎಲ್ಲಿರುತ್ತದೆ? ಬೆಲ್ಟಿನ ಬಿಲ್ಲೆಯ ಮೇಲೆ ಫೋನ್ ನಂಬರ್, ಅದರ ಕೆಳಗೆ "ಚಿಪ್ ಇದೆ" ಅಂತ ಬರೆಸಿ.

ಗುಂಪಿನ ಉಳಿದವರಿಗೂ ಒಂದು ಮಾತು. ನಾಯಿಯೋ ಬೆಕ್ಕೋ ಸಿಕ್ಕರೆ ಫೋಟೋ ಹಾಕಿ ಸುಮ್ನೆ ಕಾಯಬೇಡಿ, ಹತ್ತಿರದ ಪ್ರಾಣಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ. ಸ್ಕ್ಯಾನರ್ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಚಿಪ್ ಕೆಲವೊಮ್ಮೆ ಹಾಕಿದ ಜಾಗದಿಂದ ಸ್ವಲ್ಪ ಜರುಗಿರುತ್ತದೆ. ಬೆನ್ನಿನ ಮೇಲೆ ಸಿಗಲಿಲ್ಲ ಅಂದರೆ ಕುತ್ತಿಗೆ, ಭುಜದ ಎರಡೂ ಪಕ್ಕ, ಮುಂಗಾಲಿನವರೆಗೂ ನಿಧಾನವಾಗಿ ಹಿಡಿದು ನೋಡಲು ಹೇಳಿ. ನಂಬರ್ ಬಂದರೆ ಮೊದಲ ಮೂರು ಅಂಕಿ ನೋಡಿ. 9ರಿಂದ ಶುರುವಾಗಿದ್ದರೆ ಅದು ಸಾಮಾನ್ಯವಾಗಿ ಚಿಪ್ ಮಾಡಿದ ಕಂಪನಿಯ ಸಂಕೇತ, ಅಲ್ಲಿಂದ ವಿಚಾರಿಸುತ್ತಾ ಹೋಗಬಹುದು. ಪೂರ್ತಿ ನಂಬರನ್ನು ಗುಂಪಿನಲ್ಲಿ ಹಾಕಬೇಡಿ. ಕೊನೆಯ ನಾಲ್ಕು ಅಂಕಿ ಮುಚ್ಚಿಡಿ, ನಮ್ಮದೇ ನಾಯಿ ಅಂತ ಬಂದವರ ಬಾಯಲ್ಲಿ ಅವನ್ನು ಹೇಳಿಸಿ, ಆಮೇಲೆ ಒಪ್ಪಿಸಿ.