ಮೈಸೂರಿಗೆ ಹೊಸಬ. ಸುತ್ತಮುತ್ತಲ ಸಣ್ಣ ಊರುಗಳಲ್ಲಿ ನೋಡುವಂಥದ್ದು ಏನಿದೆ?

ನಿಮ್ಮ ಪ್ರಶ್ನೆ ಓದಿದೆ. ಕಲಬುರಗಿಯಿಂದ ಕೆಲಸಕ್ಕೆ ಬಂದು ಮೂರು ತಿಂಗಳಾಗಿದೆ. ಅರಮನೆ, ಚಾಮುಂಡಿ ಬೆಟ್ಟ, ಝೂ ಎಲ್ಲ ನೋಡಿ ಮುಗಿದಿದೆ. ಕಾರಿಲ್ಲ, ರಜೆ ಭಾನುವಾರ ಮಾತ್ರ. ಅಕ್ಕಪಕ್ಕದ ಸಣ್ಣ ಊರುಗಳಿಗೆ ಹೋಗಬೇಕು, ಅಲ್ಲಿನ ಇತಿಹಾಸವನ್ನೂ ತಿಳಿಯಬೇಕು ಅಂತ ಕೇಳಿದ್ದೀರಿ. ಮುಂದಿನ ತಿಂಗಳು ಅಪ್ಪ ಅಮ್ಮ ಬರುತ್ತಾರೆ, ಅಮ್ಮನಿಗೆ ಮಂಡಿ ನೋವು, ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತಲೂ ಕೇಳಿದ್ದೀರಿ.

ನಾನು ಮಂಡ್ಯದ ಪಕ್ಕದ ಹಳ್ಳಿಯವನು. ಈಗ ಹನ್ನೊಂದು ವರ್ಷದಿಂದ ಮೈಸೂರಿನಲ್ಲಿದ್ದೇನೆ. ಈ ಊರುಗಳನ್ನೆಲ್ಲ ಬಸ್ಸು, ರೈಲಿನಲ್ಲೇ ಸುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲಿಗೆ ಒಂದು ಮಾತು. ಮೈಸೂರೇ ಮುಖ್ಯ, ಉಳಿದ ಊರುಗಳು ಅದರ ಬಾಲಂಗೋಚಿ ಅಂದುಕೊಂಡು ಹೊರಡಬೇಡಿ. ನಾವು ಮೈಸೂರಿನದು ಅಂತ ಹೆಮ್ಮೆಪಡುವ ಎಷ್ಟೋ ಸಂಗತಿ ಬಂದಿರುವುದೇ ಈ ಸಣ್ಣ ಊರುಗಳಿಂದ. ದಸರಾ ಬಂದದ್ದು ಶ್ರೀರಂಗಪಟ್ಟಣದಿಂದ. ಕರೆಂಟು ಬಂದದ್ದು ಶಿವನಸಮುದ್ರದಿಂದ. ಅದಕ್ಕೇ ಒಂದು ಭಾನುವಾರಕ್ಕೆ ಒಂದೇ ಊರು ಇಟ್ಟುಕೊಳ್ಳಿ. ಟೂರಿಸ್ಟ್ ಬಸ್ಸಿನವರು ಒಂದೇ ದಿನದಲ್ಲಿ ಐದು ಊರು ತೋರಿಸುತ್ತಾರೆ. ಅದರಲ್ಲಿ ಊರು ಕಾಣುವುದಿಲ್ಲ, ಪಾರ್ಕಿಂಗ್ ಜಾಗ ಕಾಣುತ್ತದೆ.

ಶುರು ಮಾಡುವುದು ಶ್ರೀರಂಗಪಟ್ಟಣದಿಂದಲೇ ಆಗಲಿ. ಮೈಸೂರಿನಿಂದ ಹದಿನೈದು ಹದಿನಾರು ಕಿಲೋಮೀಟರ್ ಅಷ್ಟೇ. ಸಿಟಿ ಬಸ್ಸೇ ಹೋಗುತ್ತದೆ. ಆದರೆ ಒಮ್ಮೆಯಾದರೂ ರೈಲಿನಲ್ಲಿ ಹೋಗಿ. ರೈಲು ಕಾವೇರಿ ದಾಟಿ ನೇರ ಕೋಟೆಯೊಳಗೇ ನುಗ್ಗುತ್ತದೆ. ಈ ಹಳಿಯನ್ನು ಜೋಡಿ ಮಾಡುವಾಗ ಟಿಪ್ಪು ಕಾಲದ ಒಂದು ಗುಂಡುಮದ್ದಿನ ಮನೆ ಅಡ್ಡ ಬಂತು. ಅದನ್ನು ಒಡೆಯಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನು ಬುಡದಿಂದ ಎತ್ತಿ ಪಕ್ಕಕ್ಕೆ ಸರಿಸಿದರು. ಹಳೆಯದನ್ನು ಉಳಿಸಿಕೊಳ್ಳಲು ಇಷ್ಟು ಕಷ್ಟಪಟ್ಟಿದ್ದು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

1610ರಲ್ಲಿ ರಾಜ ಒಡೆಯರು ಈ ಊರನ್ನು ವಿಜಯನಗರದ ಪ್ರತಿನಿಧಿಯ ಕೈಯಿಂದ ಪಡೆದರು. ವಿಜಯನಗರದವರು ಮಾಡುತ್ತಿದ್ದ ದಸರಾವನ್ನು ಇಲ್ಲೇ ಮುಂದುವರಿಸಿದರು. ಅಲ್ಲಿಂದ 1799ರವರೆಗೆ, ಅಂದರೆ 189 ವರ್ಷ, ರಾಜಧಾನಿ ಇದೇ. ನೀವು ಈಗ ಇರುವ ಮೈಸೂರು ಆಗ ಹಿಂದಿನ ಸಾಲಿನ ಊರು. 1799ರ ಮೇ 4ರಂದು ಟಿಪ್ಪು ಇಲ್ಲಿ ಸತ್ತ ಮೇಲೆ ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ಆಗ ರಾಜಧಾನಿ ಮೈಸೂರಿಗೆ ಹೋಯಿತು, ದಸರಾವೂ ಹೋಯಿತು.

ಅಲ್ಲಿ ಒಂದು ಕೆಲಸ ಮಾಡಿ. ರಂಗನಾಥನ ದರ್ಶನ ಮುಗಿಸಿ, ಕೋಟೆಯೊಳಗೆ ಸುಮ್ನೆ ನಡೆಯಿರಿ. ದೇವಸ್ಥಾನದ ಹತ್ತಿರದಲ್ಲೇ ಟಿಪ್ಪುವಿನ ಲಾಲ್ ಮಹಲ್ ಇತ್ತು. ಈಗ ಅದರ ತಳಪಾಯ ಮಾತ್ರ ಉಳಿದಿದೆ. ಸುಲ್ತಾನನ ಅರಮನೆ, ರಂಗನಾಥನ ಗೋಪುರ, ಸ್ವಲ್ಪ ಆಚೆಗೆ ಎರಡು ಮಿನಾರಿನ ಮಸೀದಿ. ಎಲ್ಲ ಒಂದೇ ಕೋಟೆಯ ಒಳಗೆ, ಕಾಲ್ನಡಿಗೆಯಲ್ಲಿ. ಟಿಪ್ಪುವಿನ ದೇಹ ಸಿಕ್ಕ ಜಾಗದಲ್ಲಿ ಒಂದು ಸಣ್ಣ ಕಲ್ಲು ಇದೆ. ಅವನ ಬಗ್ಗೆ ಜನರಲ್ಲಿ ನೂರು ಅಭಿಪ್ರಾಯ ಇವೆ. ನೀವು ಯಾವ ಕಡೆಯವರಾದರೂ ಆ ಕಲ್ಲಿನ ಮುಂದೆ ಐದು ನಿಮಿಷ ನಿಲ್ಲಿ. ಪಶ್ಚಿಮದ ಕಡೆಗೆ ಹೋದರೆ ಕೋಟೆ ಒಡೆದು ಇಂಗ್ಲಿಷರು ಒಳಗೆ ಬಂದ ಜಾಗ ಸಿಗುತ್ತದೆ. ಅವರು ಮೇ ತಿಂಗಳಲ್ಲೇ ಮುಗಿಸಲು ಯಾಕೆ ಅವಸರ ಮಾಡಿದರು ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ. ಮಳೆ ಶುರುವಾಗಿ ಕಾವೇರಿ ತುಂಬಿದರೆ ಈ ದ್ವೀಪಕ್ಕೆ ಕಾಲಿಡಲು ಯಾರಿಗೂ ಆಗುತ್ತಿರಲಿಲ್ಲ.

ಆಮೇಲೆ ಆಟೋ ಮಾಡಿಕೊಂಡು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋಗಿ. 1784ರ ಕಟ್ಟಡ. ಗೋಡೆ ತುಂಬ ಚಿತ್ರ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್, ಟಿಪ್ಪು ಸೇರಿ ಇಂಗ್ಲಿಷ್ ಸೈನ್ಯವನ್ನು ಸೋಲಿಸಿದ ಕಥೆ ಒಂದು ಗೋಡೆಯಲ್ಲಿದೆ. ಇಂಗ್ಲಿಷ್ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತಿರುವುದನ್ನು ಹುಡುಕಿ. ಟಿಪ್ಪು ಸತ್ತ ಮೇಲೆ ಇದೇ ಮನೆಯಲ್ಲಿ ಆರ್ಥರ್ ವೆಲ್ಲೆಸ್ಲಿ ಇದ್ದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಅವನೇ. ಹೊತ್ತು ಉಳಿದರೆ ಹೈದರ್, ಟಿಪ್ಪು ಸಮಾಧಿಯಿರುವ ಗುಂಬಜ್, ನಿಮಿಷಾಂಬ ದೇವಸ್ಥಾನ. ರಂಗನತಿಟ್ಟು ಪಕ್ಷಿಧಾಮವನ್ನು ಅದೇ ದಿನಕ್ಕೆ ತುರುಕಬೇಡಿ. ಅದಕ್ಕೆ ಬೆಳಗಿನ ಹೊತ್ತೇ ಬೇಕು. ಕೆಆರ್‌ಎಸ್ ಅಣೆಕಟ್ಟೆಯಿಂದ ಜಾಸ್ತಿ ನೀರು ಬಿಟ್ಟಾಗ ಅಲ್ಲಿ ದೋಣಿ ನಿಲ್ಲಿಸುತ್ತಾರೆ, ಪೇಪರ್ ನೋಡಿಕೊಂಡು ಹೊರಡಿ.

ಒಂದು ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ. ಸಂಗಮ, ಬಲಮುರಿ, ಎಡಮುರಿ, ಎಲ್ಲೇ ಆಗಲಿ, ನೀರಿಗೆ ಇಳಿಯಬೇಡಿ. ಮೇಲೆ ನೋಡಿದರೆ ಮೊಣಕಾಲುದ್ದ ಅನಿಸುತ್ತದೆ. ಕೆಳಗೆ ಗುಂಡಿ, ಸುಳಿ, ಜಾರುವ ಬಂಡೆ. ಹೊರಗಿನಿಂದ ಬಂದ ಹುಡುಗರೇ ಪ್ರತಿ ವರ್ಷ ಮುಳುಗಿ ಹೋಗುತ್ತಾರೆ. ನನ್ನ ಜೊತೆ ಓದಿದ ಒಬ್ಬ ಹಾಗೇ ಹೋದ. ದಡದಲ್ಲಿ ಕೂತು ಕಾಲು ನೆನೆಸಿಕೊಂಡು ಬನ್ನಿ, ಸಾಕು.

ಇನ್ನು ನಮ್ಮ ಮಂಡ್ಯ. 'ಅಲ್ಲಿ ನೋಡೋಕೆ ಏನಿದೆ' ಅಂತ ಮೈಸೂರಿನವರೇ ಕೇಳುತ್ತಾರೆ. ಅರಮನೆ ಇಲ್ಲ, ನಿಜ. ಆದರೆ ಮಂಡ್ಯದ ಇತಿಹಾಸ ನೀರಿನಲ್ಲಿದೆ. 1911ರಲ್ಲಿ ಕನ್ನಂಬಾಡಿ ಹತ್ತಿರ ಕಾವೇರಿಗೆ ಕಟ್ಟೆ ಕೆಲಸ ಶುರುವಾಯಿತು, ಅದೇ ಈಗಿನ ಕೆಆರ್‌ಎಸ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಯೋಜನೆ ವಿಶ್ವೇಶ್ವರಯ್ಯನವರದು. ಸಿಮೆಂಟ್ ಇಲ್ಲದೆ ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ) ಗಾರೆಯಲ್ಲಿ ಕಟ್ಟಿದರು. ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ಅಲ್ಲಿಂದ ಹೊರಟ ನಾಲೆಗೆ ಆಗ ಇರ್ವಿನ್ ನಾಲೆ ಅಂತ ಹೆಸರು, ಈಗ ವಿಶ್ವೇಶ್ವರಯ್ಯ ನಾಲೆ. ನಮ್ಮ ಕಡೆ ವಿ.ಸಿ. ನಾಲೆ ಅಂದರೆ ಮಕ್ಕಳಿಗೂ ಗೊತ್ತು. ಗುಡ್ಡ ಅಡ್ಡ ಬಂದ ಕಡೆ ಹುಲಿಕೆರೆ ಸುರಂಗ ಕೊರೆದು ಅದರೊಳಗೆ ನೀರು ಹರಿಸಿದರು.

ನಾಲೆ ಬರುವ ಮುಂಚೆ ನಮ್ಮ ಹೊಲದಲ್ಲಿ ರಾಗಿ, ಹುರುಳಿ ಬಿಟ್ಟರೆ ಬೇರೆ ಇರಲಿಲ್ಲ ಅಂತ ತಾತ ಹೇಳುತ್ತಿದ್ದರು. ಅನ್ನ ಅಂದರೆ ಹಬ್ಬಕ್ಕೆ. ನೀರು ಬಂದ ಮೇಲೆ ಭತ್ತ ಬಂತು, ಕಬ್ಬು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದರ ಹಿಂದೆ ನಿಂತು ದುಡಿದರು. ಈಗಲೂ ಹಳಬರು ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ತಾತ ಎತ್ತಿನ ಗಾಡಿಯಲ್ಲಿ ಕಬ್ಬು ಹೇರಿಕೊಂಡು ಫ್ಯಾಕ್ಟರಿ ಮುಂದೆ ರಾತ್ರಿಯಿಡೀ ಸಾಲಿನಲ್ಲಿ ಕಾಯುತ್ತಿದ್ದರು. ಗಾಡಿ ಕೆಳಗೆ ಕಂಬಳಿ ಹಾಸಿ ಮಲಗುತ್ತಿದ್ದರಂತೆ.

ಹಾಗಾಗಿ ಮಂಡ್ಯಕ್ಕೆ ಹೋದರೆ ಪಟ್ಟಣದಲ್ಲಿ ಹುಡುಕಬೇಡಿ. ನಾಲೆ ಏರಿ ಮೇಲೆ ನಡೆಯಿರಿ. ಒಂದು ಕಡೆ ಹಸಿರು ಗದ್ದೆ, ಇನ್ನೊಂದು ಕಡೆ ನಾಲೆ ನೀರು ಹತ್ತದ ಒಣ ದಿಣ್ಣೆ. ಆ ಎರಡರ ನಡುವಿನ ಗೆರೆ ಕಣ್ಣಿಗೆ ಕಾಣುತ್ತದೆ. ಕಾವೇರಿ ವಿಷಯ ಬಂದಾಗ ಮಂಡ್ಯದ ಜನ ಯಾಕೆ ಹೆದ್ದಾರಿಯಲ್ಲಿ ಕೂರುತ್ತಾರೆ, ಟಿವಿಯಲ್ಲಿ ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿತು ಅಂದರೆ ಯಾಕೆ ಮನೆಯಲ್ಲಿ ಎಲ್ಲರ ಮುಖ ಅರಳುತ್ತದೆ ಅನ್ನುವುದಕ್ಕೆ ಬೇರೆ ವಿವರಣೆ ಬೇಡ. ದಾರಿಯಲ್ಲಿ ಆಲೆಮನೆ ಹೊಗೆ ಕಂಡರೆ ನಿಲ್ಲಿ. ಕೇಳಿದರೆ ಒಳಗೆ ಬಿಡುತ್ತಾರೆ. ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಬಿಸಿ ಬೆಲ್ಲ ಒಂದು ಚೂರು ತಿನ್ನಿ, ಅಂಗಡಿ ಬೆಲ್ಲ ಆಮೇಲೆ ರುಚಿಸುವುದೇ ಇಲ್ಲ.

ಬೆಂಗಳೂರು ಕಡೆ ಇನ್ನೂ ಸ್ವಲ್ಪ ಮುಂದೆ ಮದ್ದೂರು. ವಡೆ ಗೊತ್ತಿರುತ್ತದೆ. ಅದು ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಹೆಸರಾದ ತಿಂಡಿ. ವಡೆ ತಿಂದು ಹಾಗೇ ಬರಬೇಡಿ, ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹದ ಸೌಧ ಇದೆ. 1938ರ ಏಪ್ರಿಲ್‌ನಲ್ಲಿ ಸರ್ಕಾರದ ನಿಷೇಧ ಮೀರಿ ಅಲ್ಲಿ ಕಾಂಗ್ರೆಸ್ ಬಾವುಟ ಹಾರಿಸಿದರು. ಹಕ್ಕಿ ಇಷ್ಟವಿದ್ದರೆ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಕಾಡಿನಲ್ಲಲ್ಲ, ಮನೆಗಳ ಪಕ್ಕದ ಮರದಲ್ಲೇ ಗೂಡು ಕಟ್ಟುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟದ ಊರು ಮೇಲುಕೋಟೆ. ಸುಮಾರು 50 ಕಿಲೋಮೀಟರ್. ನೇರ ಬಸ್ಸು ಸಿಗದಿದ್ದರೆ ಪಾಂಡವಪುರಕ್ಕೆ ಹೋಗಿ, ಅಲ್ಲಿಂದ ಜಕ್ಕನಹಳ್ಳಿ ಮೇಲೆ ಹೋಗಬಹುದು. (ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಹೈದರ್, ಟಿಪ್ಪು ಜೊತೆಗಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರು.) ತಮಿಳು ನಾಡಿನಿಂದ ಬಂದ ರಾಮಾನುಜಾಚಾರ್ಯರು 12ನೇ ಶತಮಾನದಲ್ಲಿ ಮೇಲುಕೋಟೆಯಲ್ಲಿ ಹನ್ನೆರಡು ವರ್ಷ ಇದ್ದರು ಅಂತ ಹೇಳುತ್ತಾರೆ. ಚೆಲುವನಾರಾಯಣನ ಉತ್ಸವ ಮೂರ್ತಿ ದೆಹಲಿಗೆ ಹೋಗಿತ್ತು, ರಾಮಾನುಜರು ಹೋಗಿ ಕರೆತಂದರು, ಅದನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಹಿಂದೆಯೇ ಬಂದಳು ಅನ್ನುವುದು ಇಲ್ಲಿನ ಕಥೆ. ಅವಳು ಬೀಬಿ ನಾಚಿಯಾರ್. ಇವತ್ತಿಗೂ ದೇವರ ಪಾದದ ಬಳಿ ಅವಳಿಗೆ ಜಾಗವಿದೆ, ಪೂಜೆಯಿದೆ. ಈ ಕಥೆಯನ್ನು ಅಜ್ಜಿ ಹೇಳುವಾಗ ನಾನು ಪ್ರತಿ ಸಲ ಹೊಸದಾಗಿ ಕೇಳುವವನಂತೆ ಕೇಳುತ್ತಿದ್ದೆ.

ಬೆಳಗ್ಗೆ ಬಿಸಿಲೇರುವ ಮುಂಚೆ ಯೋಗನರಸಿಂಹನ ಬೆಟ್ಟ ಹತ್ತಿ ಮುಗಿಸಿ. ಮಧ್ಯಾಹ್ನ ಪುಳಿಯೋಗರೆ, ಸಕ್ಕರೆ ಪೊಂಗಲ್. ಆಮೇಲೆ ಕಲ್ಯಾಣಿ ಮೆಟ್ಟಿಲು, ಪೂರ್ತಿಯಾಗದೆ ನಿಂತ ರಾಯಗೋಪುರ, ಅಕ್ಕ ತಂಗಿ ಕೊಳ. ಕವಿ ಪು.ತಿ.ನ. 1905ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅವರ ಮನೆಯನ್ನು ಸ್ಮಾರಕ ಮಾಡಿದ್ದಾರೆ, ಬೀದಿಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ವೈರಮುಡಿ ಉತ್ಸವ ಮಾರ್ಚ್, ಏಪ್ರಿಲ್ ಹೊತ್ತಿಗೆ ಬರುತ್ತದೆ. ವಜ್ರದ ಕಿರೀಟ ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿರುತ್ತದೆ. ಅವತ್ತು ಪೊಲೀಸ್ ಕಾವಲಿನಲ್ಲಿ ಹೊರಡುತ್ತದೆ. ದಾರಿಯ ಹಳ್ಳಿಗಳಲ್ಲಿ ಜನ ರಸ್ತೆಗೆ ನೀರು ಹಾಕಿ, ರಂಗೋಲಿ ಬಿಟ್ಟು ಕಾಯುತ್ತಾರೆ. ರಾತ್ರಿ ಉತ್ಸವದ ನೂಕುನುಗ್ಗಲು ಬೇಡ ಅನಿಸಿದರೆ ಹೀಗೆ ಒಂದು ಹಳ್ಳಿಯಲ್ಲಿ ನಿಂತು ನೋಡಿ. ನಾನು ಚಿಕ್ಕವನಿದ್ದಾಗ ನೋಡಿದ್ದು ಹಾಗೇ.

ಸೋಮನಾಥಪುರ, ತಲಕಾಡು, ಶಿವನಸಮುದ್ರ ಮೂರನ್ನೂ ಒಂದೇ ದಿನ ಮುಗಿಸಲು ನಾನು ಒಮ್ಮೆ ಬಸ್ಸಿನಲ್ಲಿ ಹೊರಟಿದ್ದೆ. ಕೊನೆಯ ಬಸ್ಸು ತಪ್ಪಿ, ಟೊಮೊಟೊ ಗಾಡಿಯಲ್ಲಿ ಮಳವಳ್ಳಿಗೆ ಬಂದೆ. ನೀವು ಎರಡು ಭಾನುವಾರ ಮಾಡಿ. ಸೋಮನಾಥಪುರಕ್ಕೆ ಬನ್ನೂರು ಮೇಲೆ ಹೋಗಿ. ಹೊಯ್ಸಳರ 13ನೇ ಶತಮಾನದ ಕೇಶವ ದೇವಸ್ಥಾನ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ವಿಗ್ರಹಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮನ ಹೆಸರು ಕೆತ್ತಿರುವುದನ್ನು ತಪ್ಪದೆ ನೋಡಿ. ಕಟ್ಟಿಸಿದವರ ಹೆಸರು ಎಲ್ಲ ಕಡೆ ಇರುತ್ತದೆ. ಕೆತ್ತಿದವನ ಹೆಸರು ಹೀಗೆ ಉಳಿಯುವುದು ಕಮ್ಮಿ.

ತಲಕಾಡು ಗಂಗರ ರಾಜಧಾನಿಯಾಗಿತ್ತು. ಈಗ ದೇವಸ್ಥಾನಗಳೆಲ್ಲ ಮರಳಿನ ನಡುವೆ ಇವೆ. 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ' ಅಂತ ಅಲಮೇಲಮ್ಮ ಶಾಪ ಹಾಕಿ ನದಿಗೆ ಹಾರಿದಳು ಅನ್ನುವ ಕಥೆಯ ಊರು ಇದೇ. ಅವಳು ಶ್ರೀರಂಗಪಟ್ಟಣ ಕಳೆದುಕೊಂಡ ಆ ಪ್ರತಿನಿಧಿಯ ಹೆಂಡತಿ. ಅದಕ್ಕೇ ಶ್ರೀರಂಗಪಟ್ಟಣ ಮೊದಲು ನೋಡಿ ಅಂದದ್ದು. ಬರಿಗಾಲಿನಲ್ಲಿ ಮಧ್ಯಾಹ್ನ ಹೋಗಬೇಡಿ, ಮರಳು ಸುಡುತ್ತದೆ.

ಶಿವನಸಮುದ್ರಕ್ಕೆ ಜುಲೈ, ಆಗಸ್ಟ್‌ನಲ್ಲಿ ಹೋದರೆ ಗಗನಚುಕ್ಕಿ, ಭರಚುಕ್ಕಿ ಎರಡೂ ಜಲಪಾತ ತುಂಬಿರುತ್ತವೆ. 1902ರಲ್ಲಿ ಇಲ್ಲಿಂದ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ.

ಅಪ್ಪ ಅಮ್ಮನಿಗೆ ನನ್ನ ಸಲಹೆ ನಂಜನಗೂಡು. ಬೆಟ್ಟವಿಲ್ಲ, ಹತ್ತುವುದಿಲ್ಲ. ಚಾಮರಾಜನಗರದ ರೈಲು ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಊರು ಬರುತ್ತದೆ. ಕಪಿಲಾ ನದಿಯ ಮೇಲೆ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಹಳೆಯ ಸೇತುವೆ ಇದೆ, ಅಪ್ಪನಿಗೆ ತೋರಿಸಿ. ಇಲ್ಲಿನ ದೇವರು ಶ್ರೀಕಂಠೇಶ್ವರನಿಗೆ ಟಿಪ್ಪು ಹಕೀಂ (ವೈದ್ಯ) ನಂಜುಂಡ ಅಂತ ಕರೆದು ಪಚ್ಚೆ ಲಿಂಗ ಕೊಟ್ಟ ಅಂತ ಹೇಳುತ್ತಾರೆ. ಅವನ ಪಟ್ಟದ ಆನೆಗೆ ಹೋದ ಕಣ್ಣು ಇಲ್ಲಿ ಹರಕೆ ಹೊತ್ತ ಮೇಲೆ ಬಂತಂತೆ. ಸೋಮವಾರ ಮತ್ತು ಹುಣ್ಣಿಮೆ ದಿನ ಜನ ಜಾಸ್ತಿ, ಆ ದಿನ ಬಿಡಿ. ಬರುವಾಗ ರಸಬಾಳೆ ಕೇಳಿ. ಸೊರಗು ರೋಗ ಬಂದು ಬೆಳೆಯುವವರು ತುಂಬ ಕಮ್ಮಿಯಾಗಿದ್ದಾರೆ, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಸಿಕ್ಕರೆ ಬೆಲೆ ಚೌಕಾಸಿ ಮಾಡದೆ ಒಂದು ಚಿಪ್ಪು ತಗೊಳ್ಳಿ. ಕಲಬುರಗಿಗೆ ವಾಪಸ್ ಹೋಗುವಾಗ ಅಮ್ಮ ರೈಲಿನಲ್ಲಿ ತಿನ್ನಬಹುದು.