ಬೀಗ ಹಾಕಿದ ಮನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರಿಗೆ ಸಂಪಾದಕರ ಉತ್ತರ

ಪ್ರಿಯ ಮಾಸ್ತರರೇ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಮನೆಯಿಲ್ಲದ ಕುಟುಂಬಗಳಿಗೆ ಕಾಯಂ ಮನೆಯನ್ನೇ ಕೊಡಬೇಕೆಂದು ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದು ನಿಮಗೆ ಹಿಡಿಸಿಲ್ಲ. ‘ಮೊದಲು ಎರಡು ವರ್ಷ ತಾತ್ಕಾಲಿಕ ವಸತಿಯಲ್ಲಿ ಇಡಿ, ಕೆಲಸ ಕಲಿಸಿ, ಗಂಡಸರ ಕುಡಿತ ಬಿಡಿಸಿ. ಯೋಗ್ಯರೆಂದು ಕಂಡ ಮೇಲೆ ಮನೆ ಕೊಡಿ. ಪುಕ್ಕಟೆ ಸಿಕ್ಕಿದ ಮನೆಗೆ ಬೀಗ ಜಡಿದು ಹೋದವರನ್ನು ಕಣ್ಣಾರೆ ಕಂಡಿದ್ದೇನೆ’ ಎಂದಿದ್ದೀರಿ. ಅಕ್ಷರ ಮುತ್ತಿನಂತಿದೆ. ತಕರಾರು ಇರುವುದು ಅಭಿಪ್ರಾಯದ ಬಗ್ಗೆ.

ಆ ‘ಯೋಗ್ಯರು’ ಎಂಬ ಪದವೇ ನನಗೆ ಚುಚ್ಚಿತು. 1970ರ ಜನವರಿ 1ರಂದು ಜಾರಿಗೆ ಬಂದ ಕೇರಳದ ಭೂಸುಧಾರಣಾ ತಿದ್ದುಪಡಿಯು ಕುಡಿಕಿಡಪ್ಪುಕಾರರಿಗೆ, ಎಂದರೆ ಪರರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ, ಪಂಚಾಯತಿನಲ್ಲಾದರೆ 10 ಸೆಂಟ್ಸಿನ ತನಕ ಜಾಗ ಪಡೆಯುವ ಹಕ್ಕು ಕೊಟ್ಟಿತು. ಯಾರು ಕುಡಿಯುತ್ತಾರೆ, ಯಾರು ಕುಡಿಯುವುದಿಲ್ಲ ಎಂದು ಆಗ ಕಾನೂನು ಕೇಳಲಿಲ್ಲ. ಇಂದು ಮಕ್ಕಳನ್ನು ಗಲ್ಫಿಗೆ ಕಳುಹಿಸಿ, ಪೇಟೆಯಲ್ಲಿ ಅಂಗಡಿ ಇಟ್ಟಿರುವ ಎಷ್ಟೋ ಮನೆಗಳ ಅಡಿಪಾಯ ಬಿದ್ದದ್ದು ಆ ಜಾಗದಲ್ಲೇ. ಅವರ ಮಕ್ಕಳಲ್ಲಿ ಕೆಲವರಿಗಾದರೂ ನೀವೇ ಪಾಠ ಹೇಳಿರುತ್ತೀರಿ.

ಕಳೆದ ಮಳೆಗಾಲದಲ್ಲಿ ಕುಂಬಳೆ ಸಮೀಪದ ಒಂದು ಕ್ವಾರ್ಟರ್ಸಿಗೆ ಹೋಗಿದ್ದೆ. (ದೂರದ ಊರಿನ ಓದುಗರಿಗೆ ಹೇಳಿಬಿಡುತ್ತೇನೆ: ನಮ್ಮ ಕಡೆ ಕ್ವಾರ್ಟರ್ಸ್ ಎಂದರೆ ನೌಕರರ ವಸತಿಯಲ್ಲ, ಸಾಲಾಗಿ ಕಟ್ಟಿದ ಬಾಡಿಗೆ ಕೋಣೆಗಳು.) ಒಂದೇ ಕೋಣೆಯಲ್ಲಿ ಎರಡು ಸಂಸಾರ. ಒಂದು ಅಕ್ಕನದು, ಇನ್ನೊಂದು ಬಾಡಿಗೆ ಕಟ್ಟಲಾರದೆ ಬಂದು ಸೇರಿಕೊಂಡ ತಂಗಿಯದು. ತಂಗಿಯ ಮಗಳು ನಾಲ್ಕನೇ ತರಗತಿ. ಅವಳ ಶಾಲಾ ಡೈರಿಯ ಮೊದಲ ಪುಟದಲ್ಲಿ ಮೂರು ವಿಳಾಸಗಳಿಗೆ ಗೀಟು ಹಾಕಿತ್ತು. ನಾಲ್ಕನೆಯದನ್ನು ಪೆನ್ಸಿಲಿನಲ್ಲಿ ಬರೆದಿದ್ದಳು. ಪೆನ್ಸಿಲ್ ಯಾಕೆ ಎಂದು ಕೇಳಿದೆ. ‘ಉಜ್ಜಲು ಸುಲಭ’ ಎಂದಳು.

ನೀವು ಹೇಳುವ ತಾತ್ಕಾಲಿಕ ವಸತಿ ಆ ಡೈರಿಗೆ ಐದನೆಯ ವಿಳಾಸ. ಎರಡು ವರ್ಷದ ಮೇಲೆ ಆರನೆಯದು.

ಈ ಕುಟುಂಬ ಲೆಕ್ಕದಲ್ಲೂ ಇಲ್ಲ ನೋಡಿ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ವಸತಿಹೀನರನ್ನು ಎಣಿಸಿತು. ಅವರೆಲ್ಲ ರಸ್ತೆ ಬದಿ, ಸೇತುವೆಯ ಅಡಿ, ರೈಲು ನಿಲ್ದಾಣ, ಹ್ಯೂಮ್ ಪೈಪುಗಳಲ್ಲಿ ಮಲಗುವವರು. ಅಕ್ಕನ ಕೋಣೆಯ ಮೂಲೆಯಲ್ಲಿ ಚಾಪೆ ಹಾಸುವವಳು ಆ ಪಟ್ಟಿಗೆ ಸೇರುವುದಿಲ್ಲ. ಮನೆಯಿಲ್ಲದವರಿಗೆ ಮನೆ ಕಟ್ಟಲು ನೆರವು ಕೊಡುವ ಕೇರಳ ಸರಕಾರದ ಲೈಫ್ ಯೋಜನೆಗೆ 2020ರಲ್ಲಿ ಹೊಸ ಅರ್ಜಿ ಕರೆದಾಗಲೂ ಒಂದು ರೇಷನ್ ಕಾರ್ಡಿಗೆ ಒಂದು ಕುಟುಂಬ ಎಂದು ಹಿಡಿದರು. ತಂಗಿಯ ಹೆಸರು ಇನ್ನೂ ತಾಯಿಯ ಕಾರ್ಡಿನಲ್ಲಿದೆ. ಬೇರೆ ಕಾರ್ಡು ಮಾಡಿಸೋಣವೆಂದರೆ ಬೇರೆ ಮನೆ ಎಲ್ಲಿ?

ನೀವು ಸೂಚಿಸಿದ ಕ್ರಮವನ್ನು ಅಮೆರಿಕದಲ್ಲಿ ಅಳೆದೇ ನೋಡಿದ್ದಾರೆ. ಅಲ್ಲಿನ ಸರಕಾರದ ವಸತಿ ಇಲಾಖೆ 2010ರಿಂದ 12 ಕಡೆಗಳಲ್ಲಿ, ಆಶ್ರಯ ಕೇಂದ್ರಗಳಲ್ಲಿದ್ದ 2,282 ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿತು. ಕೆಲವರಿಗೆ ದೀರ್ಘಕಾಲದ ಬಾಡಿಗೆ ನೆರವು, ಕೆಲವರಿಗೆ ಅಲ್ಪಾವಧಿಯದು, ಕೆಲವರಿಗೆ ನಿಮ್ಮ ಮಾತಿನಂತೆಯೇ ಬೇರೆ ಸೇವೆಗಳೂ ಸೇರಿದ ಎರಡು ವರ್ಷದ ತಾತ್ಕಾಲಿಕ ವಸತಿ, ಉಳಿದವರಿಗೆ ಎಂದಿನ ವ್ಯವಸ್ಥೆ. ಮೂರು ವರ್ಷ ಬೆನ್ನು ಬಿಡದೆ ನೋಡಿದಾಗ, ದೀರ್ಘ ನೆರವು ಸಿಕ್ಕಿದವರಲ್ಲಿ ಮತ್ತೆ ಮನೆ ಕಳೆದುಕೊಳ್ಳುವುದು ಎಂದಿನ ವ್ಯವಸ್ಥೆಯವರ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಮಕ್ಕಳು ಶಾಲೆ ಬದಲಿಸುವುದು, ಹೆಂಗಸರಿಗೆ ಮನೆಯಲ್ಲಿ ಬೀಳುವ ಪೆಟ್ಟು, ಎರಡೂ ತಗ್ಗಿದವು. ತಾತ್ಕಾಲಿಕ ವಸತಿಯಿಂದ ಇಂಥ ಫಲ ಕಾಣಲಿಲ್ಲ. ದೀರ್ಘ ನೆರವಿನ ಖರ್ಚು ಎಂದಿನ ವ್ಯವಸ್ಥೆಗಿಂತ ಸುಮಾರು ಶೇಕಡಾ 9 ಹೆಚ್ಚು ಬಿತ್ತು, ಮೊದಲ ಎಣಿಕೆಯಲ್ಲಿ ಅದು ಸಿಕ್ಕಿದವರ ದುಡಿಮೆಯೂ ತುಸು ಇಳಿದಿತ್ತು. ನಿಮ್ಮ ವಾದಕ್ಕೆ ಬಲ ಕೊಡುವ ಈ ಅಂಶವನ್ನು ಮುಚ್ಚಿಡುವುದಿಲ್ಲ. ಅಲ್ಲಿ ಕೊಟ್ಟದ್ದು ಬಾಡಿಗೆ, ಇಲ್ಲಿ ಕೊಡುವುದು ಮನೆ ಕಟ್ಟುವ ಹಣ. ಅಲ್ಲಿನದನ್ನು ಇಲ್ಲಿಗೆ ಹಾಗೆಯೇ ಅಂಟಿಸಲು ಬಾರದು. ಆದರೂ ಮೊದಲು ಯೋಗ್ಯತೆ, ಆಮೇಲೆ ಮನೆ ಎಂಬ ಕ್ರಮಕ್ಕೆ ಅಲ್ಲಿ ಆಧಾರ ಸಿಗಲಿಲ್ಲ.

ಈಗ ಆ ಬೀಗ. ಅಂಥ ಮನೆಯನ್ನು ನಾನೂ ನೋಡಿದ್ದೇನೆ. ಗುಡ್ಡದ ನೆತ್ತಿಯಲ್ಲಿ ಕೆಂಪುಕಲ್ಲಿನ ಗೋಡೆ, ಸಾರಣೆಯಾಗಿಲ್ಲ, ಬೀಗಕ್ಕೆ ತುಕ್ಕು. ನೆರೆಯವರನ್ನು ವಿಚಾರಿಸಿದೆ. ಮಾರ್ಚ್ ಬಂತೆಂದರೆ ಬಾವಿ ತಳ ಕಾಣುತ್ತದೆ, ಬಸ್ಸಿಗೆ ಮೂರು ಕಿಲೋಮೀಟರ್ ಇಳಿಯಬೇಕು, ಆ ಹೆಂಗಸು ಮನೆಗೆಲಸಕ್ಕೆ ಹೋಗುವುದು ಪೇಟೆಗೆ. ಬೇಸಿಗೆಯಲ್ಲಿ ಪೇಟೆಯ ಕ್ವಾರ್ಟರ್ಸಿಗೆ ಇಳಿದು, ಮಳೆ ಹಿಡಿದ ಮೇಲೆ ಮತ್ತೆ ಹತ್ತುತ್ತಾಳಂತೆ. ನೀವು ಬೀಗ ಕಂಡದ್ದು ಏಪ್ರಿಲಿನಲ್ಲಿ ತಾನೇ? ಮನೆ ಕೊಟ್ಟವರು ನೀರು ಕೊಡಲು ಮರೆತರು ಎಂದು ನೀವು ಬರೆದಿದ್ದರೆ ನಾನು ಎರಡು ಮಾತಿಲ್ಲದೆ ಒಪ್ಪುತ್ತಿದ್ದೆ.

ಗುಡ್ಡದ ನೆತ್ತಿಯೇ ಏಕೆ ಎಂದರೆ ಅಲ್ಲಿ ಮಾತ್ರ ಜಾಗ ಅಗ್ಗ. ಸ್ವಂತಕ್ಕೆ ಮೂರು ಸೆಂಟ್ಸ್ ಇದ್ದವರು ಹೇಗೋ ಕಟ್ಟಿಕೊಳ್ಳುತ್ತಾರೆ, ಜಾಗವೇ ಇಲ್ಲದವರು ಸರದಿಯ ಕೊನೆಗೆ ಬೀಳುತ್ತಾರೆ. ಇಂಥವರಿಗಾಗಿ ಸ್ವಂತ ಜಾಗ ದಾನ ಕೊಡಿರೆಂದು ಕೇರಳ ಸರಕಾರ 2021ರಲ್ಲಿ ‘ಮನಸ್ಸೋಡಿತ್ತಿರಿ ಮಣ್ಣ್’ ಅಭಿಯಾನ ಆರಂಭಿಸಿತು. ನಮ್ಮ ಚಂದಾದಾರರಲ್ಲಿ ರಸ್ತೆ ಬದಿಯಲ್ಲೇ ಅಡಿಕೆ ತೋಟ ಇರುವವರು ಕಡಿಮೆಯೇನಿಲ್ಲ. ಅವರಿಂದಲೂ ಪತ್ರ ಬರಲಿ.

ಕೊನೆಗೆ, ನೀವು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳುಹಿಸಿದ ತಪ್ಪು. ಲೈಫ್ ನೆರವು ಎಲ್ಲರಿಗೂ 4 ಲಕ್ಷ ರೂಪಾಯಿ ಎಂದು ಅಚ್ಚಾಗಿತ್ತು. ದುರ್ಗಮ ಪ್ರದೇಶದ ಪರಿಶಿಷ್ಟ ವರ್ಗದ ಕುಟುಂಬಗಳಿಗೆ ಅದು 6 ಲಕ್ಷ. ಕರಡು ತಿದ್ದಿದವನು ನಾನೇ. ಓದುಗರು ದಯವಿಟ್ಟು ತಿದ್ದಿಕೊಳ್ಳಬೇಕು.

ಸಂಪಾದಕ